ನಿಂತುಹೋದ ಚಿತ್ರ

ವನಗೂರು,
ಏಪ್ರಿಲ್ 23, 2025

ಪ್ರೀತಿಯ ಎಲೈನ್,

ಮಂಗಳೂರಿನ ಸೆಕೆಯಲ್ಲೂ ಈಸ್ಟರ್ ಚೆನ್ನಾಗಿ ಕಳೆಯಿತೆಂದು ನಂಬಿದ್ದೇನೆ. ಒಂದು ತಿಂಗಳಿಂದ ನಿನ್ನ ಮೇಲ್‌ಗಳಿಗೆ ಉತ್ತರಿಸಿಲ್ಲ, ಬೈದುಕೊಂಡಿರುತ್ತೀಯ. ಬೈದುಕೋ, ಅದು ನಿನ್ನ ಹಕ್ಕು. ಕಂಪ್ಯೂಟರಿನ ತಿರುಳಾದ ಕರ್ನಲ್‌ಗಾಗಿ ದುಡಿಯುವ ನಮ್ಮ ಬಳಗದ ಮೇಲ್ ಪಟ್ಟಿಯಲ್ಲಿ ಏನು ಬರೆದರೂ ಲೋಕವೆಲ್ಲ ಓದುತ್ತದೆ. ಇದನ್ನು ನೀನೊಬ್ಬಳೇ ಓದಬೇಕೆಂದು ಕಾಗದ ಹಿಡಿದು ಕುಳಿತೆ. ತಡವೇಕಾಯಿತೆಂದು ಬರೆಯಲು ಇನ್ನೂ ಧೈರ್ಯ ಬಂದಿಲ್ಲ.

ಮೊದಲು ನಿನಗೆ ಬೇಕಾದ ಸುದ್ದಿ. ಕ್ಯಾಮೆರಾ ಸೆನ್ಸರನ್ನು ಎಬ್ಬಿಸಿ, ಅದು ಕಂಡದ್ದನ್ನು ಕಂಪ್ಯೂಟರಿಗೆ ದಾಟಿಸಲು ನೀನು ಎರಡು ವರ್ಷ ಕೂತು ಬರೆದ ಡ್ರೈವರ್‌ನಲ್ಲಿ ತಪ್ಪಿಲ್ಲ. 'ಸ್ವಲ್ಪ ಹೊತ್ತಿನ ನಂತರ ಚಿತ್ರ ನಿಂತುಹೋಗುತ್ತದೆ, ಇದನ್ನು ಸೇರಿಸಿಕೊಳ್ಳಬಾರದು' ಎಂದು ನಾನು ಪಟ್ಟಿಯಲ್ಲಿ ಬರೆದದ್ದನ್ನು ಇವತ್ತು ವಾಪಸ್ ಪಡೆದೆ. ಪರಿಶೀಲಿಸಿದವಳೆಂದು ನಿನ್ನ ಹೆಸರಿನ ಕೆಳಗೆ ನನ್ನ ಹೆಸರೂ ಹಾಕಿದ್ದೇನೆ. ನನ್ನ ಒಂದು ಸಾಲಿನಿಂದ ಕರ್ನಲ್‌ನ ಈ ಸಲದ ಬಿಡುಗಡೆಗೆ ಸೇರುವ ಅವಕಾಶ ನಿನಗೆ ತಪ್ಪಿತು. ಮುಂದಿನದಕ್ಕೆ ಯಾರೂ ಅಡ್ಡ ಬರುವುದಿಲ್ಲ. 'ನನ್ನಲ್ಲಿ ನಿಲ್ಲುವುದೇ ಇಲ್ಲ ಮಾರಾಯ್ತಿ' ಎಂದು ನೀನು ಬರೆಯುತ್ತಲೇ ಇದ್ದೆ. ನೀನು ಹೇಳಿದ್ದೇ ಸರಿ.

ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿದ ವಾರದಲ್ಲಿ ನಾನು ನಿನ್ನ ಡ್ರೈವರ್ ಪರೀಕ್ಷಿಸಲು ಕುಳಿತದ್ದು. ಕ್ಯಾಮೆರಾವನ್ನು ಜಗಲಿಯಲ್ಲಿಟ್ಟು, ತಂತಿ ಎಳೆದು, ಒಳಕೋಣೆಯಲ್ಲಿ ಪರದೆ ನೋಡುತ್ತಿದ್ದೆ. ಎದುರಿಗೆ ಅಲುಗಾಡುವ ಏನಾದರೂ ಬೇಕಲ್ಲ, ಅಪ್ಪನನ್ನೇ ಆರಾಮಕುರ್ಚಿಯಲ್ಲಿ ಕೂರಿಸಿದೆ. ನಾಲ್ಕನೇ ಆವೃತ್ತಿಯಲ್ಲಿ ಚಿತ್ರ ತಲೆಕೆಳಗಾಗಿ ಬಂದಾಗ, 'ಬಾವಲಿ ಮಾಡ್ಬುಟ್ಯಲ್ಲೇ ನನ್ನ' ಎಂದು ನಕ್ಕರು. ಅದನ್ನು ತಿರುಗಿಸಿದರೆ ಅವರ ಕೆಂಪು ಟವೆಲ್ ನೀಲಿಯಾಯಿತು. 'ಎಲೈನವ್ವಂಗೆ ಹೇಳು, ನಂದು ಕೆಂಪು ಟವಲ್ಲು ಕಣವ್ವ ಅಂತ. ಪಾಪ, ಅಷ್ಟ್ ದೂರ ಕೂತವ್ಳೆ, ಅವ್ಳಿಗೆ ಹೆಂಗ್ ಗೊತ್ತಾಗ್ಬೇಕು' ಅಂದರು. ಐದನೆಯದರಲ್ಲಿ ನೀನು ಬಣ್ಣವನ್ನೂ ಸರಿಮಾಡಿ ಕಳಿಸಿದೆ.

ಅದನ್ನು ಪರೀಕ್ಷಿಸಿದ ಬೆಳಿಗ್ಗೆ ಮಂಜು ಜಗಲಿಯ ಕಟ್ಟೆವರೆಗೂ ಬಂದಿತ್ತು. ತೋಟ, ಕಣ, ಬೇಲಿ ಏನೂ ಇರಲಿಲ್ಲ. ಬಿಳಿಯ ನಡುವೆ ಅಪ್ಪ, ಅವರ ಕೆಂಪು ಟವೆಲ್, ಅಷ್ಟೆ. ಕಾಫಿ ಹೂವಿನ ಪರಿಮಳ ಮನೆಯೊಳಗೆಲ್ಲ ತುಂಬಿ, ಎಚ್ಚರವೋ ಕನಸೋ ತಿಳಿಯದ ಮಂಪರು ನನಗೆ. 'ಆಗಾಗ ಕೈಯಾಡಿಸ್ತೀನಿ ಬುಡು, ನೀನ್ ನೋಡ್ಕೊ' ಎಂದಿದ್ದರು. ಪರದೆಯಲ್ಲಿ ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೆಂದದ ಚಿತ್ರವನ್ನು ನಾನು ಕಂಡಿರಲಿಲ್ಲ.

ಆಮೇಲೆ ಅದು ನಿಂತಿತು. ಚಿತ್ರಗಳ ಎಣಿಕೆ ಏರುತ್ತಲೇ ಇತ್ತು, ಬರುತ್ತಿದ್ದದ್ದು ಮಾತ್ರ ಅದೇ ಚಿತ್ರ. ಡ್ರೈವರ್ ಹಳೆಯದನ್ನೇ ಮತ್ತೆ ಮತ್ತೆ ಕೊಡುತ್ತಿದೆ ಎಂದು ತೀರ್ಮಾನಿಸಿ ನಿನ್ನ ಕೋಡನ್ನು ಸಾಲುಸಾಲಾಗಿ ಜಾಲಾಡಿದೆ. ತಪ್ಪು ಸಿಗಲಿಲ್ಲ. ಆದರೂ ಆ ಮೇಲ್ ಕಳಿಸಿಬಿಟ್ಟೆ.

ಜೀಪಿನ ಮಹೇಶ ನಾಳೆ ಘಟ್ಟ ಇಳಿಯುತ್ತಾನೆ, ಅವನ ಕೈಲಿ ಈ ಕಾಗದ ಮತ್ತು ಕಾಫಿಪುಡಿ ಕಳಿಸುತ್ತಿದ್ದೇನೆ. ನಿಮ್ಮಮ್ಮ ಬೆನೆಡಿಕ್ಟಾ ಆಂಟಿಗೆ ನಮಸ್ಕಾರ ಹೇಳು. ನಿನ್ನ ಮಗ ಡೇನಿಯಲ್ ನೂರು ಕಾಲ ಬಾಳಲಿ. ನಿನ್ನ ಕೈಕೆಲಸ ಲೋಕದ ಎಲ್ಲ ಮೂಲೆಗಳನ್ನೂ ನೋಡಲಿ.

ನಿನ್ನ,
ತನುಜಾ

ತಾ.ಕ.: ಅಪ್ಪ ಹೋಗಿಬಿಟ್ಟರು, ಎಲೈನ್. ಅವತ್ತೇ, ಆ ಕುರ್ಚಿಯಲ್ಲೇ. ಹೃದಯಾಘಾತ, ನೋವು ತಿಳಿದಿರಲಿಕ್ಕಿಲ್ಲ ಎಂದರು ಡಾಕ್ಟರು. ಅದನ್ನೇ ನೆಚ್ಚಿಕೊಂಡು ದಿನ ದೂಡುತ್ತಿದ್ದೇನೆ, ಆದರೂ ಸಂಕಟ ಇಳಿಯುತ್ತಿಲ್ಲ. ಮೇಲ್ ಕಳಿಸಿ ತಲೆಯೆತ್ತಿದಾಗ ಅವ್ವ ಕಾಫಿ ಲೋಟ ಹಿಡಿದು ಪರದೆಯೊಳಕ್ಕೆ ನಡೆದುಬಂದಳು. ಅವಳ ಸೆರಗು ಅಲುಗಾಡಿತು, ಲೋಟದ ಹಬೆ ಅಲುಗಾಡಿತು. ಚಿತ್ರ ನಿಂತಿಲ್ಲವೆಂದು ನನಗೆ ಗೊತ್ತಾದದ್ದು ಆಗ.