ಮಾತು ತೆಗೆದ ಹಾಡು

ಆಗಸ್ಟ್ ೧೭, ಭಾನುವಾರ

ಸೌಭಾಗ್ಯವತಿಗೆ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಕ್ಷೇಮವನ್ನು ವಿಚಾರಿಸುವ ಅಧಿಕಾರ ಇನ್ನೂ ನನ್ನಲ್ಲಿ ಉಳಿದಿದ್ದರೆ, ವಿಚಾರಿಸಿದ್ದೇನೆಂದು ತಿಳಿ. ಉತ್ತರ ತಡವಾಯಿತು, ಕ್ಷಮಿಸು. ಬೀರುವಿನ ಮೇಲಿರುವ ಪಿಟೀಲಿನ ಕಮಾನನ್ನು ಕಳುಹಿಸಬೇಕೆಂದು ನೀನು ಬರೆದ ಮೂರು ಸಾಲಿನ ಕಾಗದ ತಲುಪಿ ತಿಂಗಳಾಗುತ್ತ ಬಂತು. ಮೂರು ಸಾಲಿನಲ್ಲಿ ಕಾಗುಣಿತದ ತಪ್ಪು ಎರಡು. ತಿದ್ದಿ ಹಿಂದಕ್ಕೆ ಕಳುಹಿಸುವಷ್ಟು ಕೆಟ್ಟವನಲ್ಲ ನಾನು. ಆದರೆ ನಾಲ್ಕು ದಿನಕ್ಕೆಂದು ಅಕ್ಕನ ಮನೆಗೆ ಹೋದವಳು ಎರಡನೆಯ ಕಮಾನನ್ನೂ ಏಕೆ ತರಿಸಿಕೊಳ್ಳುತ್ತಾಳೆ ಎಂಬುದನ್ನು ತಿಳಿಯಲು ನಿಘಂಟು ಬೇಕಾಗಲಿಲ್ಲ. ತಡವಾದದ್ದು ಅದಕ್ಕೇ.

ಈ ನಡುವೆ ಒಂದು ಕೆಲಸ ಬಂತು. ತಮಿಳು ಚಿತ್ರವೊಂದನ್ನು ಕನ್ನಡಕ್ಕೆ ಡಬ್ ಮಾಡುತ್ತಿದ್ದಾರೆ. 'ಡಬ್' ಎಂದು ಬರೆಯುವಾಗ ಕೈ ತಡೆಯಿತು. ಆದರೆ ನಾನು ಹೇಳುವ ಪದ ಸ್ಟುಡಿಯೋದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ವಾದ್ಯಗಳು ಇದ್ದಂತೆಯೇ ಇರುತ್ತವೆ. ಹಾಡಿನ ಮಾತನ್ನು ಮಾತ್ರ ನಾನು ಕನ್ನಡದಲ್ಲಿ ಕೂಡಿಸಿಕೊಡಬೇಕು. ಅದರಲ್ಲೊಂದು ರಾಕ್ ಹಾಡು. ಅಟ್ಟದ ಮೇಲಿನ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದಂಥ ಸದ್ದೆಂದು ಈ ಜಾತಿಯ ಹಾಡುಗಳನ್ನು ನಾನು ಹಳಿಯುತ್ತಿದ್ದುದು ನಿನಗೆ ನೆನಪಿರಬಹುದು.

ಹಾಡುವವನು ಗಂಡಸು. ಮನೆ ಬಿಟ್ಟು ಹೊರಟ ಹೆಣ್ಣಿಗೆ ಇಡೀ ಹಾಡಿನಲ್ಲಿ ಒಂದೇ ಮಾತು. ಬಾಗಿಲಲ್ಲಿ ನಿಂತು 'ವರೇನ್' ಎನ್ನುತ್ತಾಳೆ. 'ಬರುತ್ತೇನೆ' ಎಂದರ್ಥ. ಹೊರಡುವವರು 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎನ್ನುವುದರಲ್ಲಿ ಆ ನುಡಿಗೂ ನಮ್ಮ ನುಡಿಗೂ ಭೇದವಿಲ್ಲ. ನಾನು 'ಮರಳಿ ಬರುವೆನು' ಎಂದು ಬರೆದು, ಮುಂದಿನ ಸಾಲುಗಳಲ್ಲಿ ಗಂಡಸು ದೀಪ ಹಚ್ಚಿಟ್ಟು ಕಾಯುವಂತೆ ಮಾಡಿದೆ. ವ್ಯಾಕರಣ ಶುದ್ಧ, ಪ್ರಾಸ ಶುದ್ಧ.

ನಿರ್ಮಾಪಕ ಓದಿ ನಕ್ಕ. "ಏನ್ ಮೇಷ್ಟ್ರೇ, ಆಯಮ್ಮ ಬರ್ತೀನಿ ಅಂದ್ಲು ಅಂತ ನೀವೂ ನಂಬಿಬಿಟ್ರಾ?"

"ನುಡಿದದ್ದನ್ನು ನಂಬದೆ ಇನ್ನೇನನ್ನು ನಂಬಬೇಕಪ್ಪ?"

"ಬಿಡಿ, ನಿಮ್ಮ ಹತ್ರ ಮಾತಾಡಿ ಗೆಲ್ಲೋಕಾಗುತ್ತಾ? ಅವಳ ಬಾಯಿ ಅಷ್ಟುದ್ದ ಆಡಲ್ಲ ಸ್ವಾಮಿ. ಮೂರಕ್ಷರದಲ್ಲಿ ಮುಗಿಸಿ."

ಅಳತೆ ನೋಡುವಾಗ ಹಾಡಿನ ದನಿಯನ್ನು ತೆಗೆಸಿ, ಬರಿಯ ವಾದ್ಯಗಳನ್ನು ಹಾಕಿಸಿಕೊಂಡು ಮಾತ್ರೆ ಎಣಿಸುವುದು ನನ್ನ ಪದ್ಧತಿ. ಎಂದಿನಂತೆ ಬೆರಳು ಮಡಿಸುತ್ತ ಕುಳಿತೆ. ಈ ಸಲ ಲೆಕ್ಕ ತಪ್ಪಿತು.

ಅವಳು ಬಾಯಿ ತೆರೆಯುವ ಮುಂಚೆಯೇ ಡ್ರಮ್ಮು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಜೊತೆಯಲ್ಲಿ ನಡೆಯುತ್ತಿದ್ದವರು ಏನೋ ನೆನೆದು ನಿಧಾನಿಸಿದಂತೆ. ಬೇಸ್ ಗಿಟಾರೆಂಬ ದಪ್ಪ ತಂತಿಗಳ ವಾದ್ಯ, ಉಳಿದವೆಲ್ಲ ಬೇರೆ ಸ್ವರಕ್ಕೆ ಹೊರಟುಹೋದರೂ ಇದ್ದಲ್ಲಿಯೇ ನಿಂತಿರುತ್ತದೆ. ಹೊಂದುತ್ತಿಲ್ಲವೆಂದು ಅದಕ್ಕೂ ಗೊತ್ತು, ಆದರೂ ಕದಲದು. ಆಮೇಲೆ, ನಾನು ಚೀರಾಟವೆನ್ನುತ್ತಿದ್ದ ಎಲೆಕ್ಟ್ರಿಕ್ ಗಿಟಾರು. ನುಡಿಸುವವನು ತಂತಿಯನ್ನು ಬೆರಳಿನಿಂದ ಒತ್ತಿ ಎಳೆದು ಮೇಲಿನ ಸ್ವರದ ಹೊಸ್ತಿಲವರೆಗೆ ಒಯ್ಯುತ್ತಾನೆ. ಇನ್ನೇನು ಮುಟ್ಟಬೇಕು, ಬಿಟ್ಟುಬಿಡುತ್ತಾನೆ. ಮತ್ತೆ ಎಳೆಯುತ್ತಾನೆ, ಮತ್ತೆ ಮುಟ್ಟಿಸುವುದಿಲ್ಲ. ಅವಳು ಬರುವುದಿಲ್ಲವೆಂದು ಆ ವಾದ್ಯಗಳಿಗೆಲ್ಲ ಮೊದಲೇ ಗೊತ್ತಿತ್ತು. ಕೊನೆಗೆ ಎಲ್ಲವೂ ನಿಂತು, ಗಿಟಾರಿನ ಧ್ವನಿವರ್ಧಕದ ಗುಂಯ್ಗುಡುವ ಸದ್ದೊಂದು ಉಳಿಯುತ್ತದೆ. ನೀನು ಹೋದ ದಿನ ಅಡುಗೆಮನೆಯ ಫ್ಯಾನು ಸಂಜೆಯವರೆಗೆ ತಿರುಗುತ್ತಲೇ ಇತ್ತು. ಆರಿಸಬೇಕೆಂದು ನನಗೆ ಹೊಳೆದಿರಲಿಲ್ಲ.

"ಸರ್, ಆ ಗುಂಯ್ ಅನ್ನೋದು ಡಿಸ್ಟರ್ಬ್ ಆಗ್ತಿದೆಯಾ? ಕಟ್ ಮಾಡ್ಲಾ?" ಎಂದಳು ಯಂತ್ರದ ಮುಂದೆ ಕುಳಿತಿದ್ದ ಹುಡುಗಿ.

"ಇರಲಿ ಬಿಡಮ್ಮ" ಎಂದೆ. ಅವಳ 'ಡಿಸ್ಟರ್ಬ್' ಅನ್ನು ನಾನು ತಿದ್ದದಿದ್ದುದಕ್ಕೆ ಹೆದರಿ, ಎದ್ದು ಹೋಗಿ ನೀರು ತಂದುಕೊಟ್ಟಳು.

"ಮಾತು ತೆಗೆದು ಒಂದ್ಸಲ ಕೇಳ್ರೀ" ಎಂದು ನೀನು ಹೇಳುತ್ತಿದ್ದೆ. ಮಾತಿಲ್ಲದ ಹಾಡು ಪ್ರತ್ಯಯವಿಲ್ಲದ ಪದವೆಂದು ನಾನು ಉತ್ತರಿಸುತ್ತಿದ್ದೆ. ನೀನು ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚುತ್ತಿದ್ದೆ. ಆದರೂ ಒಂದನ್ನು ಕೇಳುತ್ತೇನೆ. ಮನಸ್ಸಿನಲ್ಲಿದ್ದುದನ್ನು ಒಂದು ದಿನವಾದರೂ ಬಿಡಿಸಿ ಹೇಳಿದೆಯಾ? ನುಡಿಸುತ್ತಿದ್ದೆ, ಅಷ್ಟೆ. ಗೋಡೆಯಾಚೆಯ ಬಾಡಿಗೆಯವರಿಗೂ ಅರ್ಥವಾಗಿರಬೇಕು. ತಿಳಿಯಲಾರದವನೆಂದು ಗೊತ್ತಿದ್ದೂ ಅವನ ಮುಂದೆಯೇ ದೂರು ನುಡಿಸಿ, ಕೊನೆಗೆ ಕೇಳಲಿಲ್ಲವೆಂದು ಬಿಟ್ಟು ಹೋಗುವುದು ಯಾವ ನ್ಯಾಯ?

'ಮರಳಿ ಬರುವೆನು' ಹೊಡೆದುಹಾಕಿ 'ಬರ್ತೀನಿ' ಎಂದು ಬರೆದೆ. ದೀಪದ ಸಾಲುಗಳನ್ನೂ ತೆಗೆದೆ. ನನ್ನ ಲೇಖನಿಯಿಂದ ಆಡುಮಾತು ಇಳಿದದ್ದು ಇದೇ ಮೊದಲು. ನಿರ್ಮಾಪಕ ಹಾಳೆ ನೋಡಿ, "ಮೇಷ್ಟ್ರೇ, ಜ್ವರಗಿರ ಏನೂ ಇಲ್ಲ ತಾನೇ?" ಎಂದ.

ಕಮಾನನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಹಲಗೆಯ ಪೆಟ್ಟಿಗೆಯಲ್ಲಿಟ್ಟು, ಈ ಕಾಗದದ ಜೊತೆಯಲ್ಲಿಯೇ ಕಳುಹಿಸುತ್ತಿದ್ದೇನೆ. ಕೂದಲನ್ನು ಸಡಿಲಿಸಿದ್ದೇನೆ, ಬಿಗಿದೇ ಇಟ್ಟರೆ ಕಡ್ಡಿ ಡೊಂಕಾಗುತ್ತದೆಂದು ನೀನೇ ಹೇಳಿದ್ದೆ. ಬೀರುವಿನ ಮೇಲೆ ಈಗ ನಿನ್ನದೇನೂ ಇಲ್ಲ. ಕೈ ನೋಯದೆ ಬಹುಕಾಲ ನುಡಿಸುವಂತಾಗಲಿ. ಕಿವಿಯುಳ್ಳವರು ಎದುರಿಗೆ ಕೂರಲಿ.

ಇತಿ,
ನೀನು 'ನಮ್ಮ ಮನೆಯವರು' ಎನ್ನುತ್ತಿದ್ದವನು

ಹಿಂಬರಹ: ಆ ದಿನ ಚೀಲವನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ನೀನು ಹೇಳಿದ್ದು "ಹೋಗ್ತೀನಿ ರೀ" ಎಂದು. ನಾನು ಕರಡಚ್ಚಿನಿಂದ ತಲೆ ಎತ್ತದೆ, "ಹೊರಡುವಾಗ ಹಾಗೆನ್ನಬಾರದು, ಬರ್ತೀನಿ ಎನ್ನಬೇಕು" ಎಂದು ತಿದ್ದಿದೆ. ನೀನು "ಬರ್ತೀನಿ" ಎಂದು ಹೇಳಿ ಮೆಟ್ಟಿಲಿಳಿದೆ. ತಿದ್ದುಪಡಿ ಸರಿಯಾಗಿಯೇ ಇತ್ತು. ಇಂದಿಗೂ ಹಾಗೆಯೇ ಹೇಳುತ್ತೇನೆ. ಆದರೆ ಇಷ್ಟು ವರ್ಷ ನಾನು ತಿದ್ದಿದವುಗಳಲ್ಲಿ ನೀನು ವಾದ ಮಾಡದೆ ಒಪ್ಪಿಕೊಂಡದ್ದು ಅದೊಂದೇ. ನನಗೆ ಆಗಲೇ ಕೇಳಿಸಬೇಕಾಗಿತ್ತು.