ಮಾಲಖಾನೆಯಲ್ಲಿ ಬಿದ್ದಿರುವ ನಮ್ಮಪ್ಪನ ಡೊಳ್ಳು

ಈ ಜಿಲ್ಲೆಯಲ್ಲಿ ಯಾವುದು ಸಂಗೀತ, ಯಾವುದು ಗದ್ದಲ ಎಂದು ತೀರ್ಮಾನಿಸುವ ಮಾನ್ಯರೇ,

ನಮ್ಮಪ್ಪನ ಡೊಳ್ಳಿನ ದನಿ ನಿಮ್ಮ ಠಾಣೆಯೊಂದರ ಮಾಲಖಾನೆಯಲ್ಲಿ, ಜಪ್ತಿ ಸಾಮಾನು ತುಂಬುವ ಕೋಣೆಯಲ್ಲಿ, ಬಿದ್ದಿದೆ. ಅದನ್ನು ವಾಪಸ್ ಕೊಡಿ. ಈ ಪತ್ರದಲ್ಲಿರುವ ಬೇಡಿಕೆ ಇಷ್ಟೇ. ಇಷ್ಟು ಸಣ್ಣ ಮಾತನ್ನು ನಿಮ್ಮ ಕಿವಿಗೆ ಮುಟ್ಟಿಸಲು ಬೇರೆ ದಾರಿ ಕಾಣದೆ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸದ್ದು ಮಾಡುವವನೆಂದು ನೀವೇ ಕೇಸು ಹಾಕಿದ್ದೀರಿ. ಸದ್ದಿಲ್ಲದೆ ಕೇಳಿದಾಗ ಸಿಗಲಿಲ್ಲ, ಏನು ಮಾಡಲಿ?

ನನ್ನ ಹೆಸರು ಅಂಬರೀಶ. ಊರು ಬೋನಾಳ, ವಾಸ ಸುರಪುರ, ಕಸುಬು ಡಿ.ಜೆ. ಕೊನೆಯ ಎರಡಕ್ಷರ ಓದಿ ಹುಬ್ಬು ಗಂಟಿಕ್ಕಿದ್ದರೆ ಸ್ವಲ್ಪ ಸಡಿಲಿಸಿ, ಮುಂದೆ ಓದಬೇಕಾದ್ದು ಬಹಳ ಇದೆ. ಹೋದ ಬೇಸಿಗೆಯಲ್ಲಿ ಮೆರವಣಿಗೆಗಳಲ್ಲಿ ಡಿ.ಜೆ. ಹಾಕಕೂಡದೆಂದು ನೀವು ಆದೇಶ ಹೊರಡಿಸಿದಿರಿ. ಹಳ್ಳಿಯೊಂದರ ಮದುವೆಯಲ್ಲಿ ನಿಮ್ಮ ಜೀಪು ಬಂದು ಟ್ರ್ಯಾಕ್ಟರಿನ ಮೇಲಿದ್ದ ನನ್ನ ಸೌಂಡ್ ಪೆಟ್ಟಿಗೆಗಳನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಹೋಯಿತು. ಆದೇಶ ಮುರಿದದ್ದು ನಿಜ, ದಂಡ ಕಟ್ಟಿದೆ. ಸಾಮಾನು ಬಿಟ್ಟುಕೊಡಿ ಎಂದು ನ್ಯಾಯಾಲಯವೂ ಹೇಳಿತು. ಪೆಟ್ಟಿಗೆಗಳು ಬಂದವು, ಲ್ಯಾಪ್‌ಟಾಪ್ ಬರಲಿಲ್ಲ. ಮೊದಲು, ಅದರಾಗ ಏನೇನೈತಿ ನೋಡಬೇಕು ಅಂದರು. ಆಮೇಲೆ, ನೋಡೋರು ವರ್ಗಾ ಆಗ್ಯಾರ ಅಂದರು. ಈಗ, ಸಾಹೇಬ್ರ ಮಾತು ಬೇಕು ಅನ್ನುತ್ತಾರೆ. ಆ ಸಾಹೇಬರು ತಾವು, ಜಿಲ್ಲಾಧಿಕಾರಿಗಳು.

ಠಾಣೆಯಲ್ಲಿ ಒಬ್ಬ ಪೇದೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ನಿನ್ನ ಹಿಂದ ಯಾರದಾರೋ?"

"ಯಾರೂ ಇಲ್ರಿ."

"ಯಾರರ ಇರಬೇಕಲ್ಲೋ ಮಾರಾಯ. ಪಾರ್ಟಿ, ಸಂಘ, ಮಠ... ಹೋಗ್ಲಿ, ಒಬ್ಬ ಪಂಚಾಯ್ತಿ ಮೆಂಬರ್?"

"ಇಲ್ರಿ."

"ಹಂಗಾರ ಆ ಬೆಂಚಿನ ಮ್ಯಾಲ ಕುಂದ್ರು ಹೋಗು. ಹಿಂದ ಗ್ವಾಡಿಯರ ಇರತೈತಿ."

ಕೆಟ್ಟ ಮನುಷ್ಯನಲ್ಲ ಆತ. ಚಹಾ ಕೊಡಿಸಿದ. ಆದರೆ ಈ ನಾಡಿನ ಆಡಳಿತಶಾಸ್ತ್ರವನ್ನು ಅಷ್ಟು ಚೆನ್ನಾಗಿ ಯಾವ ಪ್ರೊಫೆಸರನೂ ನನಗೆ ಹೇಳಿಕೊಟ್ಟಿರಲಿಲ್ಲ. ಅದೇ ವಾರ ಸಿಕ್ಕಿಬಿದ್ದ ಬೇರೆ ಸೆಟ್ಟುಗಳು ಒಂದು ಫೋನಿಗೆ, ಒಂದು ಜೀಪಿಗೆ, ಒಂದು ಬಿಳಿ ಅಂಗಿಗೆ ಹೊರಗೆ ಬಂದವು. ನನ್ನ ಲ್ಯಾಪ್‌ಟಾಪ್ ಜಪ್ತಿಯಾದ ಮೋಟರ್‌ಸೈಕಲ್ಲುಗಳ ನಡುವೆ, ಗೋಡೆಯಿಂದ ನೀರು ಜಿನುಗುವ ಕೋಣೆಯಲ್ಲಿದೆ.

ಒಂದು ಕಾಲಕ್ಕೆ ನನ್ನ ಹಿಂದೆಯೂ ಜನ ಇದ್ದರು. ಕಾಲುವೆಯ ಕೊನೆಯ ಹೊಲಗಳಿಗೂ ನೀರು ಬರಲಿ ಎಂದು ಸುರಪುರದಿಂದ ಯಾದಗಿರಿಯವರೆಗೆ ಜಾಥಾ ನಡೆದಾಗ ಎಲ್ಲರ ಮುಂದೆ ಡೊಳ್ಳು ಕಟ್ಟಿಕೊಂಡು ನಡೆದವನು ನಾನು. ಘೋಷಣೆ ಬರೆದೆ, ಕರಪತ್ರ ಬರೆದೆ, ಲಾಠಿ ತಿಂದೆ. ಆಗ ನಿಮ್ಮ ಕುರ್ಚಿಯಲ್ಲಿ ಕೂತಿದ್ದವರು ಕಿಟಕಿ ಮುಚ್ಚಿಸುತ್ತ ಹೇಳಿದ್ದೂ ಇದನ್ನೇ: "ಏನಿದು ಗದ್ದಲ?" ನೋಡಿ, ಕುರ್ಚಿಗೆ ಬಂದವರು ಬದಲಾದರೂ ಕುರ್ಚಿಯ ಕಿವಿ ಬದಲಾಗಲಿಲ್ಲ. ಮುಂದೆ ನಾನು ಹೊಟ್ಟೆಪಾಡಿಗೆ ಶಹಾಪುರದ ಸುಲ್ತಾನಸಾಬನ ಮೈಕ್‌ಸೆಟ್ ಅಂಗಡಿ ಸೇರಿದೆ, ಡಿ.ಜೆ. ಆದೆ. ಚಳವಳಿಯ ಸಂಗಾತಿಗಳು ಎದುರಿಗೆ ಬಂದರೆ ರಸ್ತೆಯ ಆ ಬದಿಗೆ ದಾಟತೊಡಗಿದರು. ಸಾಂಸ್ಕೃತಿಕ ಮಾಲಿನ್ಯ ಎಂದು ನನ್ನ ಹೆಸರಿಟ್ಟೇ ಭಾಷಣವಾಯಿತು. ಸರಕಾರ ಗದ್ದಲವೆಂದಿತು, ಸರಕಾರವನ್ನು ಬೈಯುವವರು ಮಾಲಿನ್ಯವೆಂದರು. ಎಂದೂ ಯಾವ ಮಾತಿಗೂ ಒಪ್ಪದ ಎರಡು ಪಕ್ಷಗಳನ್ನು ಒಂದು ಮಾಡಿದ ಕೀರ್ತಿ ನನ್ನ ಪಾಲಿಗೆ ಬಂತು.

ಅಂಗಡಿಯಲ್ಲಿ ಕೂತು ಫೋನಿನಲ್ಲಿ ಏನೋ ಹುಡುಕುವಾಗ ಒಂದು ದಿನ ಹಾರ್ಡ್‌ಕೋರ್ ಎಂಬ ಸಂಗೀತ ಕಿವಿಗೆ ಬಿತ್ತು. ಹಾಲೆಂಡಿನ ಕಡೆಯದು. ಅದರಲ್ಲಿ ಹಾಡಿಲ್ಲ, ಪ್ರೇಮವಿಲ್ಲ, ಹಿರೋಯಿನ್ ಇಲ್ಲ. ನಿಮಿಷಕ್ಕೆ ನೂರೆಂಬತ್ತು ಬಡಿತ, ಅದೂ ಕಾದ ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದಂಥ ಒಡಕು ದನಿಯ ಬಡಿತ. ಬಂದರುಗಳಲ್ಲಿ, ಕಾರ್ಖಾನೆಗಳಲ್ಲಿ ಮೈ ಸವೆಸಿದವರ ಮಕ್ಕಳು ಅದಕ್ಕೆ ಕುಣಿಯುತ್ತಾರಂತೆ. ಕೇಳಿದ ಕೂಡಲೇ ನನ್ನ ಎದೆಗೆ ಗುರುತು ಸಿಕ್ಕಿತು. ಗುರುತು ಹೇಗೆ ಸಿಕ್ಕಿತೆಂಬುದು ಮಾತ್ರ ತಿಳಿಯಲಿಲ್ಲ. ಪರ್ಸಿಕಲ್ಲಿನ ಚಪ್ಪಡಿಯ ಒಂದು ಕೋಣೆ ಬಾಡಿಗೆ ಹಿಡಿದು, ಗೋಡೆಗೆ ಗೋಣಿತಾಟು ಹೊಡೆದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾನೂ ಅಂಥದ್ದನ್ನು ಮಾಡುತ್ತ ಕುಳಿತೆ. ಮದುವೆಯಲ್ಲಿ ಬಾರಿಸಿದ್ದು ಹೊಟ್ಟೆಗೆ, ಇದು ನನಗೆ. ನೆರೆಯವರಿಗೆ ಒಂದು ಪಿಸುಮಾತೂ ಕೇಳಿಸಲಿಲ್ಲ. ನಿಮ್ಮ ಜಿಲ್ಲೆಯ ಅತಿ ಜೋರಿನ ಸಂಗೀತ ಹುಟ್ಟಿದ್ದು ಪೂರಾ ನಿಶ್ಶಬ್ದದಲ್ಲಿ, ಮಾನ್ಯರೇ.

ಒಮ್ಮೆ ಗೋಗಿ ಎಂಬ ಊರಿನ ಮದುವೆಯೊಂದರಲ್ಲಿ ಧೈರ್ಯ ಮಾಡಿ ನನ್ನದೊಂದು ಟ್ರ್ಯಾಕ್ ಹಾಕಿದೆ. ಕುಣಿಯುತ್ತಿದ್ದವರು ಎತ್ತಿದ ಕೈ ಎತ್ತಿದ ಹಾಗೇ ನಿಂತರು. ಮದುಮಗಳ ಸೋದರಮಾವ ಟ್ರ್ಯಾಕ್ಟರಿನ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ: "ತಮ್ಮಾ, ಮಷಿನ್ ಕೆಟ್ಟೈತೇನ?" ಅಂದಿನಿಂದ ಊರಲ್ಲಿ ನನಗೆ ಕೆಟ್ಟ ಮಷಿನ್ ಎಂದೇ ಹೆಸರು. ಇತ್ತ ಇಂಟರ್‌ನೆಟ್ಟಿನಲ್ಲಿ ಪೋಲೆಂಡಿನವನೊಬ್ಬ, ಜಪಾನಿನವಳೊಬ್ಬಳು ನನ್ನ ಟ್ರ್ಯಾಕಿನ ಕೆಳಗೆ ಬೆಂಕಿಯ ಚಿತ್ರ ಹಾಕುತ್ತಿದ್ದರು. ಪುಣೆಯಲ್ಲಿ ಒಮ್ಮೆ ಕರೆದು ಬಾರಿಸಲು ಹಚ್ಚಿದರು. ಕುಣಿದು ಬೆವರಿದವನೊಬ್ಬ ಬಂದು ನನ್ನ ಕೈ ಕುಲುಕಿ, ಸುರಪುರ ಎಲ್ಲಿದೆ ಎಂದು ಕೇಳಿದ. ಹೇಳತೊಡಗಿದೆ. ಹೇಳಿ ಮುಗಿಸುವಷ್ಟರಲ್ಲಿ ಆತ ಬೇರೆಯವರ ಕಡೆಗೆ ತಿರುಗಿದ್ದ. ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಉತ್ತರವನ್ನು ನನಗೇ ಪೂರ್ತಿ ಹೇಳಿಕೊಂಡೆ. ಇದೇ ನನ್ನ ವೃತ್ತಿಜೀವನ. ಇಷ್ಟನ್ನು ಹತ್ತಿಕ್ಕಲು ನಿಮಗೆ ಜೀಪು ಬೇಕಾಯಿತು.

ನನ್ನ ಸಂಗೀತವನ್ನು ಈ ನೆಲದಲ್ಲಿ ಗುರುತು ಹಿಡಿದವನು ಒಬ್ಬನೇ, ನಮ್ಮಪ್ಪ ಮಾನಪ್ಪ. ಕುರಿ ಕಾಯ್ದವನು. ಹೆಡ್‌ಫೋನನ್ನು ರುಮಾಲಿನ ಮೇಲೆಯೇ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದ. ತೆಗೆದು ಕೈಗಿತ್ತು ಹೇಳಿದ:

"ಇದು ತೋಳದ ಬಡಿತಲೋ."

"ಏನಂದಿ?"

"ಹಟ್ಟಿಗಿ ತೋಳ ಬಂದಾಗ ನಾವು ಹಿಂಗ ಬಾರಸ್ತಿದ್ವಿ. ಕುರಿ ಎದಿ ಹ್ಯಾಂಗ ಹೊಡಕೋತೈತಿ, ಅಷ್ಟ ಜೋರ. ಆದ್ರ ನೀ ತಪ್ಪು ಮಾಡಿದಿ. ಎಲ್ಲಾ ತುಂಬಿಬಿಟ್ಟಿ."

"ತುಂಬದ ಇನ್ನೇನು ಮಾಡ್ಲಿ?"

"ನಡುವ ಬಿಡಬೇಕು. ಬಾರಸೂದು ತೋಳಕ್ಕ. ಬಿಡೂದು ಮಂದಿಗಿ. ಆ ಕಡಿ ಹಟ್ಯಾಗ ಯಾರರ ಎಚ್ಚರ ಅದಾರೇನ, ತಿರುಗಿ ಬಾರಸ್ತಾರೇನ ಅಂತ ಕಿವಿಗೊಟ್ಟು ನಿಲ್ಲಬೇಕು. ಒಬ್ಬನ ಎಷ್ಟೊತ್ತು ಓಡಸ್ತಿ?"

ಕುರಿ ಹಿಂಡಿನೊಂದಿಗೆ ವಲಸೆ ಹೋದ ನಮ್ಮ ಮಂದಿ ಬಯಲಲ್ಲಿ ತಂಗಿದಾಗ ಹೀಗೆ ಒಂದು ಹಟ್ಟಿಯಿಂದ ಇನ್ನೊಂದಕ್ಕೆ ಡೊಳ್ಳಿನಲ್ಲೇ ದನಿ ಮುಟ್ಟಿಸುತ್ತಿದ್ದರು. ಅದು ಜಾತ್ರೆಯ ಡೊಳ್ಳಲ್ಲ, ವೇದಿಕೆಯ ಡೊಳ್ಳಲ್ಲ. ಈಗ ಅದನ್ನು ಬಾರಿಸುವವರು ಉಳಿದಿರಲಿಲ್ಲ. ಬೋನಾಳದ ನಮ್ಮ ಮನೆಯ ಅಂಗಳದಲ್ಲಿ, ಬಿಸಿಲಿಗೆ ಡೊಳ್ಳಿನ ಚರ್ಮ ಕಾಯಿಸಿ, ಒಂದು ಮಧ್ಯಾಹ್ನ ಅಪ್ಪ ಬಾರಿಸಿದ, ನಾನು ಮೈಕ್ ಹಿಡಿದು ದಾಖಲಿಸಿಕೊಂಡೆ. ನಮ್ಮೂರ ಕೆರೆಗೆ ಬರುವ ಹಕ್ಕಿಗಳು ಬೆದರಬಾರದೆಂದು ಆ ದಿಕ್ಕಿನ ಬಾಗಿಲಿಗೆ ಕಂಬಳಿ ಕಟ್ಟಿಸಿದವನು ಅಪ್ಪನೇ. ಶಬ್ದ ಮಾಲಿನ್ಯದ ಬಗ್ಗೆ ನಮಗೆ ಪಾಠ ಹೇಳುವವರು ಇದನ್ನು ಬರೆದಿಟ್ಟುಕೊಳ್ಳಲಿ. ಅಪ್ಪ ಬಾರಿಸಿ, ನಡುವೆ ಬಿಟ್ಟು, ಕಿವಿಗೊಟ್ಟು ನಿಂತ. ಉತ್ತರ ಕೊಡಲು ಯಾವ ಹಟ್ಟಿ ಇದೆ ಈಗ? ಆಗ ಅಡುಗೆಮನೆಯಿಂದ ನಮ್ಮವ್ವ ಶಂಕ್ರಮ್ಮ ಸೌಟಿನಿಂದ ತಾಟು ಬಾರಿಸಿದಳು. "ಅದೀನಿ, ಅದೀನಿ, ಬಾರ್ಸು" ಅಂದಳು. ಅಪ್ಪ ನಕ್ಕ. ಮತ್ತೆ ಬಾರಿಸಿದ. ಬಿಟ್ಟಾಗಲೆಲ್ಲ ಅವ್ವನ ತಾಟು.

ಆ ದಾಖಲೆಯ ಒಂದು ತುಣುಕನ್ನು ಕತ್ತರಿಸಿ, ತಾಟನ್ನೂ ನಗೆಯನ್ನೂ ತೆಗೆದು, ನಾನು ಟ್ರ್ಯಾಕ್ ಮಾಡಿ ಹೊರಗೆ ಬಿಟ್ಟೆ. ಹೊರಗಿರುವುದು ಅದೊಂದೇ ತುಣುಕು. ಪೂರ್ತಿ ಮಧ್ಯಾಹ್ನ ಇದ್ದದ್ದು ಎರಡೇ ಕಡೆ, ನನ್ನ ಲ್ಯಾಪ್‌ಟಾಪಿನಲ್ಲಿ ಮತ್ತು ಅಪ್ಪನ ಫೋನಿನಲ್ಲಿ.

ಮುಂದಿನ ಚಳಿಗಾಲಕ್ಕೆ ಅಪ್ಪ ತೀರಿಕೊಂಡ. ನಮ್ಮಲ್ಲಿ ಹೂಳುತ್ತಾರೆ. ಸತ್ತವನು ನಿತ್ಯ ಮುಟ್ಟುತ್ತಿದ್ದ ಸಾಮಾನು ಅವನ ಜೊತೆಗೇ ಹೋಗಬೇಕೆಂಬುದು ನಮ್ಮ ಮನೆತನದ ರೂಢಿ. ಕಂಬಳಿ, ಎಲೆಅಡಿಕೆ ಚೀಲ, ಕೋಲು. ನಾನು ಕುಣಿಯ ಹತ್ತಿರ ನಿಂತಿದ್ದಾಗಲೇ ಅವ್ವ ಮನೆಯಲ್ಲಿ ಕಂಬಳಿಯ ಮಡಿಕೆಯೊಳಗೆ ಫೋನನ್ನೂ ಇಟ್ಟು ಕಟ್ಟಿದ್ದಳು. ದಿನಕರ್ಮ ಮುಗಿದ ಮೇಲೆ ಹುಡುಕಿದೆ, ಕೇಳಿದೆ.

"ಅವನ ಕೂಡ ಕಳಿಸೀನಿ" ಅಂದಳು.

"ಯಾಕವ್ವಾ?"

"ದಿನಾ ಅದರಾಗ ತನ್ನ ಡೊಳ್ಳು ತಾ ಕೇಳ್ತಿದ್ದ. ಅಲ್ಲಿ ಒಬ್ಬನ ಏನ್ ಕೇಳಬೇಕು ಅವ?"

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಬೇಸಿಗೆ ಬಂತು, ನಿಮ್ಮ ಆದೇಶ ಬಂತು, ಜೀಪು ಬಂತು. ಈಗ ನಮ್ಮಪ್ಪನ ದನಿಯ ಒಂದು ಪ್ರತಿ ಮಣ್ಣಿನಲ್ಲಿದೆ, ಇನ್ನೊಂದು ನಿಮ್ಮ ವಶದಲ್ಲಿದೆ. ಮಣ್ಣನ್ನು ಕೇಳುವಂತಿಲ್ಲ. ನಿಮ್ಮನ್ನು ಕೇಳುತ್ತಿದ್ದೇನೆ.

ಇನ್ನು ಜಪ್ತಿಯಾದ ಮೇಲಿನ, ನೀವು ಮರೆತಿರಬಹುದಾದ ಒಂದು ಸಂಜೆಯನ್ನು ನೆನಪಿಸುತ್ತೇನೆ. ಯಾದಗಿರಿಯ ಮೈದಾನದಲ್ಲಿ ತಮ್ಮ ಕಚೇರಿಯ ಆಶ್ರಯದಲ್ಲಿ ಜನಪದ ಉತ್ಸವ. ಧ್ವನಿವರ್ಧಕದ ಗುತ್ತಿಗೆ ಸುಲ್ತಾನಸಾಬನದು. ವೈರು ಎಳೆಯಲು ನಾನು ಹೋಗಿದ್ದೆ. ಬರಬೇಕಾದ ಡೊಳ್ಳಿನ ತಂಡ ಬರಲಿಲ್ಲ. ತಾವು ಆಗಲೇ ಬಂದು ಮುಂದಿನ ಸೋಫಾದಲ್ಲಿ ಕುಳಿತಿದ್ದಿರಿ. ಯಾರೋ ಕಾಲೇಜಿನ ಹುಡುಗಿಯರ ತಲೆಗೆ ರುಮಾಲು, ಸೊಂಟಕ್ಕೆ ಬಣ್ಣದ ಫೈಬರ್ ಡೊಳ್ಳು ಕಟ್ಟಿ ವೇದಿಕೆಗೆ ತಳ್ಳಿದರು. ದನಿ ಪೆಟ್ಟಿಗೆಯಿಂದ ಬರಬೇಕು. ಬಂತು. ಎರಡು ಬಡಿತಕ್ಕೇ ವೈರು ಕೆಳಗಿಟ್ಟೆ. ಓಡಿ ಸುಲ್ತಾನಸಾಬನ ಹತ್ತಿರ ಹೋದೆ.

"ಚಾಚಾ, ಇದು ನಮ್ಮಪ್ಪಂದು."

"ನಿಮ್ಮಪ್ಪಂದಽ, ನೀ ಹೊರಗ ಬಿಟ್ಟ ಟ್ರ್ಯಾಕ್. ಬ್ಯಾರೆ ಡೊಳ್ಳು ಈಗ ಎಲ್ಲಿಂದ ತರ್ಲಿ? ಜರಾ ಸಾವಕಾಶ ಮಾಡೀನಿ, ಗುರ್ತು ಹತ್ತಾಂಗಿಲ್ಲ. ಸುಮ್ನ ನಿಂದ್ರು. ಹೇಳಿದ್ಯೋ, ನನ್ನ ಸೆಟ್ಟೂ ಜಪ್ತ."

ನಿಂತೆ. ಅಪ್ಪ ಬಾರಿಸಿದ, ನಡುವೆ ಬಿಟ್ಟ. ಆ ಬಿಡುವು ಹುಡುಗಿಯರಿಗೆ ಹೇಗೆ ಗೊತ್ತಾಗಬೇಕು, ಪಾಪ? ಅವರ ಕೋಲುಗಳು ಫೈಬರಿನ ಮೇಲೆ ಬೀಳುತ್ತಲೇ ಇದ್ದವು, ಮೈದಾನದಲ್ಲಿ ಸದ್ದೇ ಇಲ್ಲ. ಅಷ್ಟು ಜನರಲ್ಲಿ ಆ ಖಾಲಿಯಲ್ಲಿ ತಾಟಿನ ದನಿಗಾಗಿ ಕಾದವನು ನಾನೊಬ್ಬ. ತಾವು ಅದನ್ನೇ ಮುಗಿತಾಯವೆಂದು ತಿಳಿದು ಚಪ್ಪಾಳೆ ತಟ್ಟಿದಿರಿ. ಆಮೇಲೆ ಮೈಕಿನ ಮುಂದೆ ಬಂದು, ಇದು ನಮ್ಮ ಮಣ್ಣಿನ ನಿಜವಾದ ದನಿ, ಯುವಕರು ಡಿ.ಜೆ.ಯ ಗದ್ದಲಕ್ಕೆ ಮರುಳಾಗಿ ಇದನ್ನು ಮರೆತಿದ್ದಾರೆ ಎಂದಿರಿ. ಮಾನ್ಯರೇ, ತಾವು ಆ ಸಂಜೆ ಕೇಳಿ ಮೆಚ್ಚಿದ್ದು ಡಿ.ಜೆ.ಯನ್ನೇ. ಕಟ್ಟಿಸಿ ತಂದ ರುಮಾಲಿನ ಕೆಳಗೆ ಬಂದರೆ ಸಂಸ್ಕೃತಿ, ಟ್ರ್ಯಾಕ್ಟರಿನ ಮೇಲಿಂದ ಬಂದರೆ ಅಪರಾಧ. ಹಾಗಾದರೆ ನೀವು ಅಳೆಯುತ್ತಿರುವುದು ಸದ್ದನ್ನೋ, ಸದ್ದು ಮಾಡಿದವನ ಅಂಗಿಯನ್ನೋ?

ಸುಲ್ತಾನಸಾಬನ ಹೆಸರನ್ನು ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ. "ಬರಿ ಬರಿ, ಅಂಗಡಿ ಬೋರ್ಡಿನ ಮ್ಯಾಲ ಹ್ಯಾಂಗೂ ಐತಿ" ಅಂದ. ಈಗ ನನ್ನ ಹಿಂದೆ ಯಾರಾದರೂ ಇದ್ದರೆ ಆತನೊಬ್ಬನೇ, ಅದೂ ಅರ್ಧ ಹೆದರಿಕೊಂಡು.

ಮೆರವಣಿಗೆಯಲ್ಲಿ ಡಿ.ಜೆ. ಬಿಡಿ ಎಂದು ನಾನು ಕೇಳುತ್ತಿಲ್ಲ. ಹಸುಗೂಸಿನ ನಿದ್ದೆ ಕೆಡಿಸುವುದು ಯಾವ ಸಂಗೀತಕ್ಕೂ ಶೋಭೆಯಲ್ಲ. ಮಂತ್ರಿಗಳ ಸೈರನ್ನಿಗೂ ಚುನಾವಣೆಯ ಮೈಕಿಗೂ ಇದೇ ಕಾನೂನು ಹಚ್ಚುವ ದಿನ ನಿಮ್ಮ ಆದೇಶದ ಮೆರವಣಿಗೆಯನ್ನು ನಾನೇ ಮಾಡಿಸುತ್ತೇನೆ, ಸದ್ದಿಲ್ಲದೆ. ನಾನು ಕೇಳುತ್ತಿರುವುದು ಬೇರೆ. ಊಟಕ್ಕೆ ಕೂತಾಗೊಮ್ಮೆ ಅವ್ವ ತಾಟನ್ನು ಬೆರಳಿನಿಂದ ತಟ್ಟಿ ಕೇಳುತ್ತಾಳೆ, "ನನ್ನ ಸಪ್ಪಳಾನೂ ಐತಲ್ಲೋ ಅದರಾಗ? ಹಚ್ಚೋ ಒಂದೀಟು." ಇದೆ ಅನ್ನುತ್ತೇನೆ. ನಾಳೆ ಹಚ್ಚುತ್ತೇನೆ ಅನ್ನುತ್ತೇನೆ. ಟ್ರ್ಯಾಕನ್ನು ಕೇಳಿಸಿದರೆ ಅವಳು ಬಿಡುವು ಬಂದಾಗ ಮುಖವೆತ್ತಿ ನೋಡುತ್ತಾಳೆ. ಅಲ್ಲಿ ಅವಳಿಲ್ಲ. ಅವಳಿರುವುದು ನಿಮ್ಮ ಕೋಣೆಯಲ್ಲಿ.

ಆದ್ದರಿಂದ ಬೇಡಿಕೆಯನ್ನು ಮತ್ತೊಮ್ಮೆ, ಸ್ಪಷ್ಟವಾಗಿ: ಇನ್ನೊಂದು ಮಳೆಗಾಲ ಆ ಗೋಡೆಯಲ್ಲಿ ಜಿನುಗುವ ಮೊದಲು ಮಾಲಖಾನೆಯ ಬಾಗಿಲು ತೆಗೆಸಿ, ನನ್ನ ಯಂತ್ರವನ್ನು ನನಗೆ ಕೊಡಿಸಿ. ಕಾನೂನು ಆಗಲೇ ಹೌದು ಎಂದಿದೆ. ತಾವೊಂದು ಮಾತು ಆಡಿದರೆ ಸಾಕು. ಬಾರಿಸಬೇಕಾದಷ್ಟು ನಾನು ಬಾರಿಸಿದ್ದೇನೆ. ಈಗ ಅಪ್ಪ ಕಲಿಸಿದಂತೆ ಇಲ್ಲಿಗೆ ನಿಲ್ಲಿಸಿ, ನಡುವೆ ಬಿಡುತ್ತಿದ್ದೇನೆ. ಇದನ್ನು ಮುಗಿತಾಯವೆಂದು ತಿಳಿದು ಚಪ್ಪಾಳೆ ತಟ್ಟಬೇಡಿ.

ಇಂತಿ,
ಹಿಂದೆ ಗೋಡೆ, ಮುಂದೆ ಮುಚ್ಚಿದ ಬಾಗಿಲು,
ಆ ಕಡೆ ಯಾರಾದರೂ ಎಚ್ಚರವಿದ್ದೀರಾ ಎಂದು ಕಿವಿಗೊಟ್ಟು ನಿಂತಿರುವ
ಅಂಬರೀಶ ಮಾನಪ್ಪ ಬೋನಾಳ,
ಉರುಫ್ ಕೆಟ್ಟ ಮಷಿನ್