ಬೆಂಕಿಯಿಲ್ಲದ ಬಿಸಿನೀರು

|| ಜಯ ಜಿನೇಂದ್ರ ||

ಗಡಹಿಂಗ್ಲಜ
೧೨ ಎಪ್ರಿಲ್ ೨೦೨೫, ಶನಿವಾರ

ಚಿ. ಸೌ. ಸೋನಲಳಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಕೈಯಲ್ಲೇ ಮೊಬೈಲಿರುವಾಗ ಅವ್ವನಿಗೇನು ಪತ್ರದ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ಹೇಳಬೇಕೆಂದು ಎರಡು ಸಲ ಹಚ್ಚಿದೆ. ಎರಡೂ ಸಲ ಮಾವಿನಕಾಯಿ ಉಪ್ಪಿನಕಾಯಿಯ ಮಾತಾಡಿ ಇಟ್ಟುಬಿಟ್ಟೆ. ಕನ್ನಡದಲ್ಲಿ ಬರೆಯುವುದಕ್ಕೂ ಕಾರಣ ಇದೆ. ನೀನು ಮರಾಠಿ ಶಾಲೆಯಲ್ಲಿ ಓದಿದವಳು, ನಿನಗೆ ಕನ್ನಡ ಅಕ್ಷರ ಕಲಿಸಿದವಳು ನಾನು, ಬೇಸಿಗೆ ರಜೆಯಲ್ಲಿ, ಕಿವಿ ಹಿಂಡಿ. ನಿನ್ನ ಯಜಮಾನ ಕೇತನರಾವ್‌ಗೆ ಇದನ್ನು ಓದಲು ಬಾರದು ಎಂಬ ಧೈರ್ಯದ ಮೇಲೆ ಕೂತಿದ್ದೇನೆ.

ಅಕ್ಷಯ ತದಿಗೆಯ ದಿನ ನಿಮ್ಮ ಹೊಸ ಮನೆಯ ವಾಸ್ತುಶಾಂತಿ ಎಂಬ ಪತ್ರಿಕೆ ತಲುಪಿತು. ಹೆಸರು ಬರೆಯುವ ಜಾಗದಲ್ಲಿ ನನ್ನ ಹೆಸರೊಂದೇ ಇತ್ತು. ನಿಮ್ಮ ಅಪ್ಪ ಅದನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ನೋಡಿ, ಹೋಗಿ ದನದ ಮುಂದೆ ನಿಂತರು. ಬರುವ ಶ್ರಾವಣಕ್ಕೆ ಪ್ರಿಯಾ ಹೋಗಿ ಮೂರು ವರ್ಷ. ಅಷ್ಟು ದಿನದಿಂದ ನೀನು ಅವರೊಂದಿಗೆ ಮಾತು ಬಿಟ್ಟಿದ್ದೀ. ಬಚ್ಚಲಲ್ಲಿ ಗ್ಯಾಸ್ ಗೀಝರ್ ಹಾಕಿಸಿದವರು ಅವರು, ಅದರ ಹೊಗೆಯೇ ನಿನ್ನ ತಂಗಿಯ ಉಸಿರು ತೆಗೆಯಿತು, ಅಲ್ಲಿಗೆ ನಿನ್ನ ಲೆಕ್ಕ ಮುಗಿಯಿತು. ಆ ಲೆಕ್ಕ ತಪ್ಪು ಎಂದು ಹೇಳಲಿಕ್ಕೇ ಈ ಪತ್ರ. ಆದರೆ ಮೊದಲು ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ; ಅದು ಹೇಳಲು ಸುಲಭ.

ಹೊಸ ಮನೆಯಲ್ಲಿ ಬಿಸಿನೀರಿಗೆ ಹೀಟ್ ಪಂಪೋ ಗ್ಯಾಸೋ ಎಂದು ಕೇಳಿದ್ದೀ. ಕೇತನರಾವ್‌ಗೆ ಗ್ಯಾಸಿನ ಕಡೆ ಒಲವಂತೆ, ನಳ ತಿರುವಿದ ಕೂಡಲೇ ಬಿಸಿನೀರು ಬರುತ್ತದೆ ಎಂದು. ಮೊನ್ನೆ ಕೊಲ್ಹಾಪುರಕ್ಕೆ ಹೋದಾಗ ನಾನೇ ಅವಧೂತನ ಗೀಝರ್ ಅಂಗಡಿ ಹೊಕ್ಕೆ. ಅವನು ನನ್ನ ತವರಿನ ಕಡೆಯವನು, ಸುಳ್ಳು ಹೇಳಿ ಮಾರುವವನಲ್ಲ. "ಅಕ್ಕಾರ, ಇದು ಫ್ರಿಜ್ಜಿನ ಉಲ್ಟಾ ನೋಡ್ರಿ. ಹೊರಗಿನ ಗಾಳಿಯೊಳಗಿನ ಬಿಸಿ ತಗೊಂಡು ನೀರಿಗೆ ಕೊಡತೈತಿ. ಕರೆಂಟು ಸಾದಾ ಗೀಝರಿನ ಮೂರನೇ ಒಂದು ಪಾಲು ಸಾಕು" ಎಂದ. ಮಳೆಗಾಲದಲ್ಲಿ ಸೋಲಾರ್ ಮಲಗುತ್ತದೆ, ಇದು ಮಲಗುವುದಿಲ್ಲವಂತೆ. ನೀರು ಕಾಯಲು ಹೊತ್ತು ಹಿಡಿಯುತ್ತದೆ, ಅದಕ್ಕೇ ನಾಲ್ಕು ಮಂದಿಗೆ ದೊಡ್ಡ ಟಾಕಿಯದೇ ತಗೋ. ತಣ್ಣನೆಯ ಗಾಳಿ ಬಿಡುತ್ತದೆ, ಮಾಳಿಗೆ ಮೇಲಿನ ಗಚ್ಚಿಯಲ್ಲಿ, ಬಯಲಿಗೆ ಇಡಿಸು, ಕೋಣೆಯೊಳಗೆ ಬೇಡ. ಸ್ವಲ್ಪ ಸದ್ದೂ ಮಾಡುತ್ತದೆ. ಇಡೀ ದಿನ ಮಗ್ಗದ ಖಟಖಟದಲ್ಲಿ ಬಾಳುವ ನಿಮ್ಮ ಇಚಲಕರಂಜಿಯವರಿಗೆ ಅದೇನು ಸದ್ದು ಬಿಡು. ಗ್ಯಾಸಿನದನ್ನು ಬಚ್ಚಲೊಳಗೆ ಹಚ್ಚುವುದೇ ತಪ್ಪು ಎಂದೂ ಅವನು ಹೇಳಿದ. ಇದಕ್ಕೆ ಬೆಂಕಿಯೇ ಇಲ್ಲ. ಹಾಗಾಗಿ ಇದನ್ನೇ ತಗೋ.

ಅವಧೂತ ಅದನ್ನು ಚಾಲೂ ಮಾಡಿ ತೋರಿಸಿದ. ಅದು ಸಣ್ಣಗೆ ಗುನುಗಲು ಹತ್ತಿತು. ನಾನು ಹತ್ತಿರ ನಿಂತೆ, ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಒಳಗಿನ ನೀರು ಮೊದಲೇ ಅರ್ಧ ಕಾದಿತ್ತಂತೆ, ಸ್ವಲ್ಪ ಹೊತ್ತಿಗೆ ಗುನುಗುವುದು ಒಮ್ಮೆಲೇ ನಿಂತಿತು. "ನೀರು ಕಾದ್ವು, ತಾನ ಬಂದ್ ಆತು" ಎಂದ ಅವನು. ಸೋನಲ, ನಾನು ಅಲ್ಲೇ ಒಂದು ರಟ್ಟಿನ ಖೋಕದ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ಚಕ್ಕರ್ ಬಂತೆಂದು ಅವನು ಮಜ್ಜಿಗೆ ತರಿಸಿಕೊಟ್ಟ.

ನಮ್ಮ ಮನೆಯಲ್ಲೂ ಗುನುಗು ನಿಲ್ಲುತ್ತದೆ. ದಿನಾ ಬೆಳಿಗ್ಗೆ ಏಳಕ್ಕೆ, ನಾನು ರೊಟ್ಟಿ ಬಡಿಯುವಾಗ. ಆ ಬಚ್ಚಲಿಗೆ ಬೀಗ ಹಾಕಿದ್ದೇವೆ, ನಿಮ್ಮ ಅಪ್ಪ ಹಿತ್ತಲಲ್ಲಿ ಚಳಿಗಾಲದಲ್ಲೂ ತಣ್ಣೀರೇ ಸುರಿದುಕೊಳ್ಳುತ್ತಾರೆ. ಆದರೂ ಬೀಗದ ಆಚೆಯಿಂದ ಪ್ರಿಯಾಳ ದನಿ ಕೇಳುತ್ತದೆ. ನಾನು ಹೆದರುವುದು ಆ ದನಿಗಲ್ಲ. ಅದು ನಿಲ್ಲುವ ಗಳಿಗೆಗೆ ಹೆದರುತ್ತೇನೆ. ಅವತ್ತು ಅವಳು ಶಾಲೆಗೆ ಪಾಠ ಮಾಡಲು ಹೊರಡುವ ಮುಂಚೆ ತಲೆ ತೊಳೆದುಕೊಳ್ಳುತ್ತ ಸ್ತವನ ಗುನುಗುತ್ತಿದ್ದಳು. ಬಚ್ಚಲಲ್ಲಿ ದೇವರ ಹಾಡು ಹಾಡಬಾರದು ಎಂದು ಒಲೆಯ ಮುಂದಿನಿಂದಲೇ ಗದರಿದೆ. ಎರಡು ನಿಮಿಷಕ್ಕೆ ಹಾಡು ನಿಂತಿತು. ಅಂತೂ ಮಗಳು ಮಾತು ಕೇಳಿದಳು ಎಂದು ನಾನು ಸಮಾಧಾನದಿಂದ ಇನ್ನೂ ನಾಲ್ಕು ರೊಟ್ಟಿ ಬಡಿದೆ.

ಅವಳು ಸತ್ತದ್ದು ನನ್ನ ಕೈಯಿಂದ.

ಆ ವರ್ಷ ನಾಂದಣಿ ಮಠಕ್ಕೆ ಹೋಗಿ ಬಂದ ಮೇಲೆ ನಾನೊಂದು ನೇಮ ಹಾಕಿಕೊಂಡಿದ್ದೆ. ಯಾರೂ ಹೇಳಿರಲಿಲ್ಲ, ನನ್ನದೇ ಶಹಾಣಪಣ, ಅತಿ ಜಾಣತನ. ಚಾತುರ್ಮಾಸ ಮುಗಿಯುವ ತನಕ ನನ್ನ ಮನೆಯ ಬೆಂಕಿಗೆ ಒಂದು ಹುಳವೂ ಬೀಳಬಾರದು. ಮಳೆ ಹಿಡಿದರೆ ಬಚ್ಚಲ ಮೇಲಿನ ಸಣ್ಣ ಕಿಟಕಿಯಿಂದ ರೆಕ್ಕೆಹುಳ ಬಂದು ಗೀಝರಿನ ನೀಲಿ ಉರಿಗೆ ಬಿದ್ದು ಚಿಟಿಚಿಟಿ ಎನ್ನುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ನೀರು ಸೋಸುವ ಹಳೆಯ ಅರಿವೆ ಇತ್ತಲ್ಲ, ದಪ್ಪನೆಯದು, ಅದನ್ನು ನಾಲ್ಕು ಮಡಿಕೆ ಮಾಡಿ ಕಿಟಕಿಗೆ ಗಟ್ಟಿಯಾಗಿ ತುರುಕಿದೆ. ಗೀಝರ್ ಗೋಡೆಗೆ ಹಚ್ಚಿಕೊಟ್ಟ ಮಿಸ್ತ್ರಿ ಸಾತಪ್ಪ "ವೈನಿ, ಈ ಖಿಡಕಿ ಒಟ್ಟ ಮುಚ್ಚಬ್ಯಾಡ್ರಿ" ಎಂದು ಹೇಳಿ ಹೋಗಿದ್ದ. ನಿಮ್ಮ ಅಪ್ಪ ಆಗ ಮನೆಯಲ್ಲಿರಲಿಲ್ಲ, ಕೇಳಿಸಿಕೊಂಡವಳು ನಾನೊಬ್ಬಳೇ. ಗೋಡೆಗೆ ತೇವ ಹಿಡಿದೀತು ಎಂದು ಹೇಳಿರಬೇಕು ಅಂದುಕೊಂಡೆ; ಹೊಗೆ ಹೊರಗೆ ಹೋಗಲು ದಾರಿ ಅದೊಂದೇ ಎಂದು ಹೊಳೆಯಲಿಲ್ಲ. ಹುಳ ಉಳಿಸಿ ಮಗಳನ್ನು ಕೊಂದೆ.

ನಿಮ್ಮ ಅಪ್ಪ ಬಾಗಿಲು ಒಡೆದು ಅವಳನ್ನು ಹೊರಗೆ ತಂದರು. ಜನ ಕೂಡುವ ಹೊತ್ತಿಗೆ ಕಿಟಕಿಯಲ್ಲಿ ಅರಿವೆ ಇರಲಿಲ್ಲ. ಯಾರು ತೆಗೆದರು, ಎಲ್ಲಿ ಹೋಯಿತು, ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ನಾನೇ ಇಟ್ಟದ್ದು ಎಂದು ಹೇಳಬೇಕಾಗುತ್ತಿತ್ತು. ನೀನು ಬಂದವಳೇ ಅಪ್ಪನ ಎದೆಗೆ ಬಡಿದು ಅತ್ತೆ, ಕೊಂದವನು ನೀನೇ ಎಂದೆ. ಅವರು ತಲೆ ತಗ್ಗಿಸಿ ನಿಂತರು. ನೀರು ಕಾಯಿಸುವ ಕಟ್ಟಿಗೆ ಬಂಬದ ಹೊಗೆಯಿಂದ ನನ್ನ ಕಣ್ಣು ಕೆಡುತ್ತವೆ ಎಂದು ಆ ಗೀಝರ್ ತಂದವರು ಅವರು. ನಾನು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ನೋಡಿದೆ, ಬಾಯಿ ಬಿಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಒಂದಿಷ್ಟು ಸುಖವೂ ಆಯಿತು, ಸೋನಲ. ಇದನ್ನು ಬರೆಯಲು ಹೇಸಿಕೆ ಬರುತ್ತದೆ, ಆದರೂ ಬರೆಯುತ್ತೇನೆ.

ನಾನು ಕ್ಷಮೆ ಕೇಳುತ್ತಿಲ್ಲ. ಪತ್ರಿಕೆಯಲ್ಲಿ ಅಪ್ಪನ ಹೆಸರು ಬರೆದು ಇನ್ನೊಮ್ಮೆ ಕಳಿಸು, ಅದೊಂದೇ ಕೇಳುವುದು. ಪೂಜೆಗೆ ನಾನು ಬರಬೇಕೋ ಬೇಡವೋ ನೀನೇ ಹೇಳು. ಬೇಡವೆಂದರೆ ಎಸ್.ಟಿ. ಬಸ್ ಸ್ಟ್ಯಾಂಡಿನ ತನಕ ಅವರನ್ನು ಬಿಟ್ಟು ಮನೆಗೆ ಬರುತ್ತೇನೆ. ಕೇತನರಾವ್‌ಗೆ ಗೊತ್ತಾಗಬಾರದೆಂದು ಕನ್ನಡದಲ್ಲಿ ಶುರು ಮಾಡಿದೆ, ಇಲ್ಲಿಗೆ ಬರುವ ಹೊತ್ತಿಗೆ ಆ ಆಸೆಯೂ ಹೋಯಿತು. ಅವರಿಗೆ ಮರಾಠಿಯಲ್ಲಿ ಓದಿ ಹೇಳು, ಒಂದು ಸಾಲೂ ಬಿಡಬೇಡ. ಅವರೂ ಮಾವನಿಗೆ ನಮಸ್ಕಾರ ಮಾಡದೆ ಮೂರು ವರ್ಷವಾಗುತ್ತ ಬಂತು.

ಇಂತಿ ನಿನ್ನ ಅವ್ವ,
ಅಲಕಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೆಲ್ಲ ನಿಮ್ಮ ಅಪ್ಪನಿಗೆ ಓದಿ ಹೇಳಿದೆ. ಅವರು ಕೊನೆಯ ಸಾಲಿನ ತನಕ ಕೇಳಿದರು. ಆಮೇಲೆ, "ಅರಿವಿ ತಗದಾಂವ ನಾನ. ಮಂದಿ ಬರೂದರೊಳಗ ತಗದು ಮುಚ್ಚಿಟ್ಟೆ, ಆಮ್ಯಾಲೆ ಹೊಳಿಗೆ ಒಗದ ಬಂದೆ. ನನ್ನ ಮ್ಯಾಲಿನ ಸಿಟ್ಟು ಅಕಿಗೆ ರೂಢಿ ಆಗೇತಿ. ಅಪ್ಪ ಇಲ್ಲದ ಹೆಂಗೋ ಇದ್ದಾಳ, ಇನ್ನ ಅವ್ವನ್ನೂ ಯಾಕ ಕಳಕೋಬೇಕು? ಹರದ ಒಗಿ ಇದನ್ನ" ಎಂದರು. ನಾನು ಹರಿಯಲಿಲ್ಲ. ಈಗ ಚಪ್ಪಲಿ ಮೆಟ್ಟಿ, ಕೊಡು, ಪೋಸ್ಟಿಗೆ ನಾನೇ ಹಾಕಿ ಬರುತ್ತೇನೆ ಎಂದು ಕೈಚಾಚಿ ನಿಂತಿದ್ದಾರೆ. ಕೊಡುವುದಿಲ್ಲ.